ಹನ್ನೆರಡು ದಾಟಿದ ರಕ್ತ

ಐಸ್ ಕ್ಯಾಂಡಿ ಅಂದರೆ ಈಗಲೂ ಅವ್ವನ ಕೆಂಪು ನಾಲಿಗೆಯೇ ನನ್ನ ಕಣ್ಣ ಮುಂದೆ ಬರುತ್ತದೆ. ತೊಂಬತ್ತೆಂಟನೇ ಇಸವಿಯಲ್ಲಿ ಅವಳಿಗೆ ಎದೆಯ ಕ್ಯಾನ್ಸರ್ ಆಗಿತ್ತು. ಮೈಸೂರಿನಲ್ಲಿ ಕೊಟ್ಟ ಔಷಧಿಗೆ ರಕ್ತವೆಲ್ಲ ಇಳಿದುಹೋಗಿ, ಅದು ಏರಲೆಂದು ವಾರಕ್ಕೊಂದು ಇಂಜೆಕ್ಷನ್ ಬರೆದಿದ್ದರು. ಅದನ್ನು ತಂಪಾಗಿಡಬೇಕು. ಗುಂಡ್ಲುಪೇಟೆಯಲ್ಲಿ ಕೊಂಡು, ಫ್ಲಾಸ್ಕಿಗೆ ನಾಲ್ಕು ಐಸ್ ಕ್ಯಾಂಡಿ ತುಂಬಿ, ಅದರೊಳಗಿಟ್ಟು ಬಸ್ಸಿನಲ್ಲಿ ತೆರಕಣಾಂಬಿಗೆ ತರುತ್ತಿದ್ದೆ. ಕಾಂಪೌಂಡರ್ ಶಾಂತರಾಜು ಸೂಜಿ ಚುಚ್ಚಿ ಹೋದ ಮೇಲೆ, ಅರ್ಧ ಕರಗಿದ ಕ್ಯಾಂಡಿಯೆಲ್ಲ ಅವ್ವನ ಪಾಲು.

"ಔಸ್ದಿಗಿಂತ ಇದೇ ವಾಸಿ ಕಣಮ್ಮಿ ಭಾನು," ಎಂದು ನಗುತ್ತಿದ್ದಳು. ಎಂಥ ಚೆಂದದ ವಾರಗಳವು!

"ಹಿಮೋಗ್ಲೋಬಿನ್ ಹನ್ನೆರಡಕ್ಕೆ ಬಂದರೆ ಇಂಜೆಕ್ಷನ್ ನಿಲ್ಲಿಸಿಬಿಡಿ, ಜಾಸ್ತಿಯಾದರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತೆ," ಎಂದು ಡಾಕ್ಟರು ನನ್ನೊಬ್ಬಳಿಗೇ ಹೇಳಿದ್ದರು. ರಕ್ತ ಹೆಚ್ಚಾದರೂ ಕೇಡು ಅಂತ ನಮ್ಮೂರಲ್ಲಿ ಯಾರಾದರೂ ಕೇಳಿದ್ದುಂಟೆ? ಹನ್ನೆರಡೂವರೆ ಎಂಬ ರಿಪೋರ್ಟು ಬಂದಾಗ ಅರಿಶಿನ ಬೇಯಿಸುವ ಕಾಲ. ಕೊಪ್ಪರಿಗೆಯಲ್ಲಿ ಬೇಯುವ ಕೊಂಬಿಗೆ ಕಡ್ಡಿ ಚುಚ್ಚಿ ಹದ ಹೇಳಲು ಊರಿಗೆಲ್ಲ ಅವ್ವನೇ ಬೇಕು. ಇನ್ನಷ್ಟು ಏರಿದರೆ ಅವಳು ಒಲೆಯ ಮುಂದೆ ನಿಂತಾಳು ಅನ್ನಿಸಿತು. ಆ ರಿಪೋರ್ಟನ್ನು ಶಾಂತರಾಜುಗೂ ತೋರಿಸದೆ, ಅವ್ವನಿಗೂ ಹೇಳದೆ ಮತ್ತೆರಡು ಇಂಜೆಕ್ಷನ್ ಹಾಕಿಸಿದೆ.

ಎಡಗಾಲು ಊದಿತು. ಮೈ ತುಂಬಿಕೊಳ್ಳುತ್ತಿದೆ ಅಂದುಕೊಂಡ ಹುಂಬಿ ನಾನು! ಬಿಸಿ ಹರಳೆಣ್ಣೆ ಹಚ್ಚಿ ಮಧ್ಯಾಹ್ನವೆಲ್ಲ ನೀವಿದೆ. ಸಂಜೆಗೆ ಅವ್ವನಿಗೆ ಉಸಿರೇ ಸಿಗಲಿಲ್ಲ. ಜೀಪು ಮಾಡಿಕೊಂಡು ಮೈಸೂರಿಗೆ ಓಡಿದೆವು.

ಹೆಪ್ಪು ಕಾಲಿನಿಂದ ಶ್ವಾಸಕೋಶಕ್ಕೆ ಹೋಗಿದೆ ಎಂದರು ಡಾಕ್ಟರು. ರಿಪೋರ್ಟನ್ನೂ ಇಂಜೆಕ್ಷನ್ ಚೀಟಿಯನ್ನೂ ನೋಡಿದವರೇ ಸಿಡಿದರು. "ಹನ್ನೆರಡು ದಾಟಿದ ಮೇಲೂ ಎರಡು ಹಾಕಿಸಿದ್ದು ಯಾರು? ನಿಲ್ಲಿಸಿ ಅಂದಿರಲಿಲ್ಲವಾ?"

ಅವ್ವ ಮೂಗಿನ ಮೇಲಿನ ಆಕ್ಸಿಜನ್ ಮಾಸ್ಕ್ ಸರಿಸಿದಳು.

"ನಾನೇಯ ಸ್ವಾಮಿ ಆಕಿಸ್ಕಂಡದ್ದು. ಈ ಭಾನು ಬ್ಯಾಡ ಬ್ಯಾಡ ಅಂತ ಬಡ್ಕತು. ನಾನೇ ಕೇಳ್ನಿಲ್ಲ."

ಡಾಕ್ಟರು ಅವಳಿಗೇ ಬೈದರು. ಅವ್ವ ತಲೆ ತಗ್ಗಿಸಿ ಬೈಸಿಕೊಂಡಳು. ನಾನು ಸುಮ್ಮನೆ ನಿಂತಿದ್ದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಆಮೇಲೆ ಅವಳು ಬದುಕಿದ್ದು ನಲವತ್ತು ದಿನ. ಒಂದು ದಿನವೂ ಆ ಮಾತು ಎತ್ತಲಿಲ್ಲ. ಅವ್ವನಿಗೆ ಓದು ಬರುತ್ತಿರಲಿಲ್ಲ. ಇಂಜೆಕ್ಷನ್ ನಿಲ್ಲಿಸಬೇಕಿತ್ತು ಅನ್ನುವುದು ಅವಳಿಗೆ ಮೊದಲು ತಿಳಿದದ್ದೇ ಡಾಕ್ಟರು ಆ ಪ್ರಶ್ನೆ ಕೇಳಿದಾಗ.