ದಾಟಿ, ಹಿಂದಿರುಗಿ

ಮುಂಬಾಗಿಲ ಕದ ಗಾಳಿಗೆ ಮತ್ತೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಮಗಳು ಅದರ ಬುಡಕ್ಕೆ ಮರದ ತುಂಡೊಂದನ್ನು ಸಿಕ್ಕಿಸಲು ನೋಡುತ್ತಿದ್ದಳು. ಆಸ್ಪತ್ರೆಯಿಂದ ಅಪ್ಪನ ದೇಹವನ್ನು ತರುವ ವ್ಯಾನ್ ಇನ್ನೂ ಬಂದಿರಲಿಲ್ಲ.

"ಮದುವೆಯಾಗಿ ಹೋದೋಳು ಈಗ ಬಂದಿದ್ದೀಯ. ಸ್ವಲ್ಪ ಕೂತ್ಕೊಳೇ," ಎಂದಳು ಅಮ್ಮ.

ಗ್ರೀಸ್ ಮಾಮ ಹವಾಮಾನ ಕೇಳಲು ಮೇಜಿನ ಮೇಲಿನ ರೇಡಿಯೋ ತಿರುಗಿಸುತ್ತಿದ್ದ. ಗಗನನೌಕೆಯ ಆಂಟೆನಾ ತಿರುಗಿಸುವ ಗೇರುಗಳಿಗೆ ಅಪ್ಪನ ಜೊತೆ ಗ್ರೀಸ್ ಹಚ್ಚಿ ಹಚ್ಚಿಯೇ ಆ ಹೆಸರು ಬಂದಿತ್ತು. ಮುಳ್ಳು ಸ್ಟೇಷನ್ ದಾಟಿ ಹೋಗಿ, ಹಿಂದೆ ಬಂದು ನಿಂತಿತು.

"ನೋಡಿ ಅತ್ತಿಗೆ, ಅವನು ನನಗೂ ಅಂಟಿಸಿ ಹೋದ ಈ ದಾಟಿಸಿ ತರೋ ರೋಗಾನ."

"ಒಲೆ ಗುಂಡಿನೂ ಹಂಗೇ ತಿರುಗಿಸೋರು. ಹಾಲು ಉಕ್ಕಿದ್ದೇ ಹೆಚ್ಚು," ಎಂದಳು ಅಮ್ಮ. ನಗಲು ಹೋಗಿ ಆಗಲಿಲ್ಲ.

"ಸವೆದ ಗೇರಿನ ಹಲ್ಲುಗಳ ಮಧ್ಯೆ ಸಂದು ಬಿಟ್ಟಿರುತ್ತಮ್ಮಾ," ಎಂದು ಗ್ರೀಸ್ ಮಾಮ ಮಗಳ ಕಡೆ ತಿರುಗಿದ. "ಆ ಕಡೆಯಿಂದ ಬಂದ್ರೆ ಒಂದು ಕಡೆ ನಿಲ್ಲುತ್ತೆ, ಈ ಕಡೆಯಿಂದ ಬಂದ್ರೆ ಇನ್ನೊಂದು ಕಡೆ. ಅಷ್ಟು ದೂರದಲ್ಲಿ ಆಂಟೆನಾ ಕೂದಲೆಳೆ ತಪ್ಪಿದ್ರೆ ಭೂಮಿನೇ ತಪ್ಪಿಹೋಗುತ್ತೆ. ಅದಕ್ಕೇ ನಿಮ್ಮಪ್ಪ, 'ದಾಟಿಸಿ ವಾಪಸ್ ತನ್ನಿ, ಯಾವಾಗ್ಲೂ ಒಂದೇ ಕಡೆಯಿಂದ ಬಂದು ನಿಲ್ಲಲಿ' ಅಂತಿದ್ದ."

ಅವನು ರೇಡಿಯೋ ಆರಿಸಿದ.

"ಕಷ್ಟದ ಮನೆಗೆ ಹೋಗೋವಾಗಲೂ ಹಂಗೇ. ನನ್ನ ಹೆಂಡತಿ ತೀರ್ಕೊಂಡಾಗ ನಮ್ಮ ಬಾಗಿಲು ದಾಟಿ ಬೀದಿ ಕೊನೆಗೇ ಹೋಗ್ಬಿಟ್ಟ. ಆಮೇಲೆ ತಿರುಗಿ ಬಂದು ಪಕ್ಕ ಕೂತ. 'ಮನಸ್ಸಲ್ಲಿ ಸಂದಿತ್ತು ಕಣೋ, ಈಗ ಕೂತ್ಕೊಂತು' ಅಂದ."

ಮಗಳ ಕೈ ತಡೆದು ನಿಂತಿತು.

*

ಹೋದ ಚಳಿಗಾಲದ ಮಧ್ಯಾಹ್ನ. ಕಿತ್ತಳೆ ಚೀಲ ಹಿಡಿದು ಅಪ್ಪ ಬೀದಿಯಲ್ಲಿ ಬರುವುದನ್ನು ಅವಳು ತನ್ನ ಮನೆಯ ಕಿಟಕಿಯಿಂದ ಕಂಡಳು. ಅವನು ಒಪ್ಪದ ಮದುವೆ ಅವಳದು. ಇಲ್ಲಿಗೆ ಅವನು ಬಂದವನೇ ಅಲ್ಲ. ಓಡಿ ಹೋಗಿ ಬಾಗಿಲು ತೆರೆದು ಮರೆಯಲ್ಲಿ ನಿಂತಳು. ಅಪ್ಪ ತೆರೆದ ಬಾಗಿಲನ್ನು ನೋಡಿದ. ತಲೆ ತಗ್ಗಿಸಿದ. ದಾಟಿ ಹೋದ.

"ಒಳಗೆ ಬರೋಕೆ ಮನಸ್ಸಿಲ್ಲದೋನು ಯಾಕಪ್ಪಾ ಬಂದೆ?" ಎಂದು ಬರಿದಾದ ಹೊಸ್ತಿಲನ್ನು ಕೇಳಿ, ಚಿಲಕ ಜಡಿದು, ಒಳಕೋಣೆಯಲ್ಲಿ ಮುಸುಕೆಳೆದು ಮಲಗಿದಳು.

*

"ಅಮ್ಮಾ, ಅಪ್ಪ ಕಿತ್ತಳೆ ತಂದಿದ್ದ ದಿನ..."

"ಹಂಗೇ ವಾಪಸ್ ತಂದ್ರು. 'ಹೋಗೋವಾಗ ಬಾಗಿಲು ತೆಗೆದಿತ್ತು ಕಣೇ, ತಿರುಗಿ ಬರೋವಾಗ ಹಾಕಿತ್ತು' ಅಂದ್ರು. ಅಷ್ಟೇ ಅಂದಿದ್ದು."

ಹೊರಗೆ ಎಂಜಿನ್ ಸದ್ದಾಯಿತು. ವ್ಯಾನ್ ನಿಧಾನಿಸದೆ ಮನೆಯ ಮುಂದೆಯೇ ಹಾದುಹೋಯಿತು.

"ಏಯ್, ಇದೇ ಮನೆ ಕಣಯ್ಯಾ!" ಎಂದು ಗ್ರೀಸ್ ಮಾಮ ಚಪ್ಪಲಿ ಮೆಟ್ಟದೆ ಹಿಂದೆ ಓಡಿದ.

ಬೀದಿ ಇಕ್ಕಟ್ಟು, ಕೊನೆಯವರೆಗೂ ಹೋಗಿಯೇ ತಿರುಗಬೇಕು. ಮಗಳು ಮರದ ತುಂಡನ್ನು ಕೈಬಿಟ್ಟು, ತೆರೆದ ಕದಕ್ಕೆ ಬೆನ್ನು ಕೊಟ್ಟು, ಎರಡೂ ಕಾಲು ಊರಿ ನಿಂತಳು. ಗಾಳಿ ದೂಡುತ್ತಲೇ ಇತ್ತು.