ಅಟ್ಟದ ಮೇಲಿನ ವೈರು

"ಹಿಡ್ಕೊಳ್ರೋ, ಜಾರ್ತಾವ್ರೆ!" ಬಸಮ್ಮ ಅಳು ನಿಲ್ಲಿಸಿ ಕೂಗಿದರು.

ವಿಭೂತಿ ಬಳಿದು ಕಿಟಕಿಗೆ ಒರಗಿಸಿ ಕೂರಿಸಿದ್ದ ಗಂಡ, ಟೆಲಿಫೋನ್ ಇಲಾಖೆಯ ಲೈನ್‌ಮನ್ ಕರಿಬಸವಯ್ಯನ ಹೆಣ ಎಡಕ್ಕೆ ವಾಲುತ್ತಿತ್ತು. ಕಿಟಕಿ ಸರಳಿಗೆ ಬಿಗಿದು ಕಟ್ಟಿದ್ದ ಹಳೇ ಪಂಚೆ ಹರಿದುಹೋಗಿತ್ತು. ಬದುಕಿದ್ದಾಗಲೇ ನೆಟ್ಟಗಿರಲಿಲ್ಲ, ಸತ್ತ ಮೇಲೆ ನೆಟ್ಟಗೆ ಕೂರುತ್ತಾನೆಯೇ ಎಂದುಕೊಂಡರು ಎದುರುಮನೆಯ ದಾಕ್ಷಾಯಣಮ್ಮ. ಬಾರದಿದ್ದರೆ ಕುವೆಂಪುನಗರದ ಆ ಬೀದಿಯೆಲ್ಲ ಆಡಿಕೊಳ್ಳುತ್ತದೆಂದು ಬಂದಿದ್ದರು. ಕೈಯಲ್ಲಿ ಸೇವಂತಿಗೆ ಇತ್ತು. ಅದನ್ನು ಆ ಪಾದಕ್ಕೆ ಹಾಕಲು ಮಾತ್ರ ಮನಸ್ಸು ಬರುತ್ತಿರಲಿಲ್ಲ.

"ಎಂಥಾ ಪರೋಪಕಾರಿ ಕಣ್ರೀ," ಎಂದು ಪಕ್ಕದ ಮನೆ ಸಿದ್ದಲಿಂಗಸ್ವಾಮಿ ಮೊಬೈಲಿನಲ್ಲಿ ಊರಿಗೆಲ್ಲ ಸಾರುತ್ತಿದ್ದ.

*

ತೊಂಬತ್ತಾರನೇ ಇಸವಿ. ದಾಕ್ಷಾಯಣಮ್ಮನ ಫೋನು ಕೆಟ್ಟು ತಿಂಗಳುಗಳಾಗಿದ್ದವು. ಊರಿಗೆಲ್ಲ ಒಂದೇ ಇಲಾಖೆ, ಬೀದಿಗೆಲ್ಲ ಒಬ್ಬನೇ ಕರಿಬಸವಯ್ಯ. ಬರುವನು, ಕಾಫಿ ಕುಡಿಯುವನು, ಕಂಬವನ್ನೊಮ್ಮೆ ನೋಡುವನು.

"ವೈರೇ ಸಪ್ಲೈ ಇಲ್ಲ ಕಣಮ್ಮ. ನನ್ನ ಕರುಳು ಕಿತ್ತು ಕಟ್ಲಾ?"

ಒಂದು ಬೆಳಿಗ್ಗೆ ಅವರ ಯಜಮಾನರು ಪ್ರಭುಸ್ವಾಮಿ ಎದೆ ಹಿಡಿದುಕೊಂಡು ಕುಸಿದರು. ದಾಕ್ಷಾಯಣಮ್ಮ ಕೆಟ್ಟ ರಿಸೀವರನ್ನು ಕಿವಿಗಿಟ್ಟು, ಎಸೆದು, ಬರಿಗಾಲಲ್ಲಿ ಆಟೋ ಹುಡುಕಿಕೊಂಡು ಓಡಿದರು. ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ವೈರೇ ಇಲ್ಲದಿದ್ದರೆ ಅವನಾದರೂ ಏನು ಮಾಡಿಯಾನು ಎಂದು ಹೊಟ್ಟೆಗೆ ಹಾಕಿಕೊಂಡರು.

ಆಮೇಲೆ ಖಾಸಗಿ ಕಂಪನಿಗಳು ಬಂದವು. ಸೊಪ್ಪು ಮಾರುವವಳ ಕೈಗೂ ಮೊಬೈಲು ಬಂತು. ಬೀದಿಯವರು ಒಬ್ಬೊಬ್ಬರಾಗಿ ಫೋನು ವಾಪಸ್ಸು ಕೊಡತೊಡಗಿದಾಗ ಕರಿಬಸವಯ್ಯ ಹಲ್ಲು ಗಿಂಜುತ್ತ ಬಾಗಿಲಲ್ಲಿ ನಿಂತ.

"ನೀವೊಬ್ರು ಕೊಡ್ಬೇಡಿ ಕಣಮ್ಮ. ಕೆಟ್ರೆ ಒಂದ್ ಮಾತು ಹೇಳಿ, ಅರ್ಧ ಗಂಟೇಲಿ ಸರಿ ಮಾಡ್ಬುಡ್ತೀನಿ."

ಅರ್ಧ ಗಂಟೆ! ಅಂದು ಹುಟ್ಟಿದ ಅನುಮಾನ ಇನ್ನೂ ಸತ್ತಿರಲಿಲ್ಲ.

*

"ಅಟ್ಟದ ಮೇಲೆ ವೈರ್ ಬಿದ್ದದೆ, ತಗೊಂಡ್ ಬಾರೋ," ಎಂದರು ಬಸಮ್ಮ.

ಮೈದುನನ ಮಗ ಮಹದೇವಪ್ರಸಾದ್ ಹತ್ತಿ, ಕರೀ ಸುರುಳಿಯೊಂದನ್ನು ಇಳಿಸಿದ. ಇಲಾಖೆಯ ಚೀಟಿ ಕೂಡ ಹರಿದಿರಲಿಲ್ಲ.

"ಇನ್ನೂ ಐದಾರು ಅವೆ ದೊಡ್ಡಮ್ಮ. ಯಾವ್ ಕಾಲದ್ದು?"

"ಆಗಿನ ಕಾಲದ್ದು ಕಣಪ್ಪ. ಜನ ನಾಕ್ ಸಲ ಬಂದು ಕೈ ಮುಗುದ್ರೇನೇ ನಮಗೆ ಬೆಲೆ ಅಂತ ಜೋಪಾನ ಮಾಡಿದ್ರು ನಿಮ್ ದೊಡ್ಡಪ್ಪ." ಬಸಮ್ಮನ ದನಿಯಲ್ಲಿ ಹೆಮ್ಮೆಯಿತ್ತು.



ಹುಡುಗ ಎದೆಗೂ ಕಿಟಕಿ ಸರಳಿಗೂ ಸೇರಿಸಿ ಸುತ್ತಿದ. "ಸಾಕಾ?"

"ಸಾಲದು. ಇನ್ನೊಂದು ಸುತ್ತು ಹಾಕಪ್ಪ," ಎಂದರು ದಾಕ್ಷಾಯಣಮ್ಮ. "ಈಗ ಸಪ್ಲೈ ಬೇಕಾದಷ್ಟಿದೆ."

ಸೇವಂತಿಗೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದರು. ಮಿಕ್ಕ ಸುರುಳಿ ಹುಡುಗನ ಕೈಜಾರಿ, ಮೆಟ್ಟಿಲಿಳಿದು, ಬಿಚ್ಚಿಕೊಳ್ಳುತ್ತ ಬೀದಿಗೆ ಉರುಳಿತು. ಕರಿಬಸವಯ್ಯನ ಎದೆಯಿಂದ ಹೊರಟ ವೈರು ರಸ್ತೆ ದಾಟಿ, ದಾಕ್ಷಾಯಣಮ್ಮನ ಮನೆಯ ಗೇಟಿಗೆ ತಾಕಿ ನಿಂತಿತ್ತು.