ಗ್ರಹಣದಲ್ಲಿ ಬಗ್ಗಿದ ಕೋಲು

ನಮ್ಮತ್ತೆಯ ಕೈಗೋಲಿನ ಹಿಡಿ ಮೊದಲು ಕೊಡೆಯ ಹಿಡಿಯ ಹಾಗೆ ದುಂಡಗೆ ಬಾಗಿತ್ತು. ಈಗ ಬಿಚ್ಚಿಕೊಂಡು ಅರ್ಧಕ್ಕೆ ನಿಂತಿದೆ. ಕಿಟಕಿಯ ಸರಳಿಗೆ ನೇತುಹಾಕಿದರೆ ಜಾರಿ ಬೀಳುತ್ತದೆ. ಅದು ಬಿದ್ದ ಸದ್ದು ಕೇಳಿದಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಯಾಕೆಂದರೆ ಆ ಕೋಲನ್ನು ಬಗ್ಗಿಸಿದ್ದು ಸೂರ್ಯಗ್ರಹಣದ ಹೊತ್ತಿನಲ್ಲಿ. ಅದರ ಒಂದು ತುದಿ ಹಿಡಿದಿದ್ದವಳು ನಾನು. ಆಗ ನನಗೆ ಏಳು ತಿಂಗಳು.

ನನ್ನ ಗಂಡ ಮುನೀಂದ್ರ ನೆಲಮಂಗಲದ ಒಂದು ಗೋಡೌನಿನಲ್ಲಿ ಸೂಪರ್‌ವೈಸರ್. ಅಲ್ಲಿಗೆ ಹತ್ತಿರದ ಮಧುರೆ ಹಳ್ಳಿಯ ನಮ್ಮ ಮನೆ ಹಿಂದೆ ಶೀಟು ಹಾಕಿದ ಜಾಗವಿದೆ, ರಜೆ ಬಂದರೆ ಅಲ್ಲೇ ಅವರ ಮರಗೆಲಸ. ಯಾರೂ ಹೇಳಿಕೊಟ್ಟದ್ದಲ್ಲ, ಫೋನ್ ನೋಡಿ ಕಲಿತದ್ದು. ಎರಡು ಟ್ರೇ, ಒಂದು ವಾಲಾಡುವ ಸ್ಟೂಲು ಆದಮೇಲೆ ಮರ ಬಗ್ಗಿಸುವ ಹುಚ್ಚು ಹತ್ತಿತು. ಅದಕ್ಕೆ ಬಲಿಯಾದದ್ದು ನನ್ನ ಐದು ಲೀಟರಿನ ಕುಕ್ಕರ್. ಅದರ ವಿಷಲ್ ಕಿತ್ತು, ಅಲ್ಲಿಗೆ ರಬ್ಬರ್ ಪೈಪು ಸಿಕ್ಕಿಸಿ, ಅದನ್ನು ಗೋಣಿಚೀಲ ಸುತ್ತಿದ ದಪ್ಪ ಪ್ಲಾಸ್ಟಿಕ್ ಪೈಪಿಗೆ ಸೇರಿಸಿದ್ದರು. ಮರ ಆ ದಪ್ಪ ಪೈಪಿನೊಳಗೆ. ಒಂದು ಗಂಟೆ ಹಬೆಯಲ್ಲಿ ಬೆಂದರೆ ಮರ ಮೆತ್ತಗಾಗುತ್ತದೆ. ಹೊರಗೆ ತೆಗೆದ ಅರ್ಧ ನಿಮಿಷದಲ್ಲಿ ಬಗ್ಗಿಸಿ ಅಚ್ಚಿಗೆ ಬಿಗಿಯಬೇಕು, ತಡವಾದರೆ ಗಟ್ಟಿಯಾಗಿ ಸೀಳುತ್ತದೆ. ಒಬ್ಬರು ತುದಿಯನ್ನು ಅಚ್ಚಿಗೆ ಒತ್ತಿ ಹಿಡಿದರೆ ಇನ್ನೊಬ್ಬರು ಎಳೆದು ಸುತ್ತಬೇಕು. ನಾಲ್ಕು ಕೈ ಬೇಕೇ ಬೇಕು.

ಅತ್ತೆ ಮುನಿತಾಯಮ್ಮನವರಿಗೆ ಮಂಡಿನೋವು. ಆಸ್ಪತ್ರೆಯವರು ಒಂದು ಅಲ್ಯೂಮಿನಿಯಂ ಕೋಲು ಕೊಟ್ಟಿದ್ದರು. ದೇವನಹಳ್ಳಿಯಲ್ಲಿ ಅವರ ತಮ್ಮನ ಮಗಳ ನಿಶ್ಚಿತಾರ್ಥ ಬಂತು.

"ಅಷ್ಟು ಜನದೆದುರಿಗೆ ಈ ಆಸ್ಪತ್ರೆ ಕೋಲು ಹಿಡ್ಕೊಂಡು ಹೋಗ್ಲಾ? ಶನಿವಾರಕ್ಕೆ ನಂಗೊಂದು ಒಳ್ಳೆ ಕೋಲು ಮಾಡ್ಕೊಡು. ಇಲ್ದಿದ್ರೆ ನಾನ್ ಬರಲ್ಲ ಹೋಗು," ಎಂದು ಮಗನ ಮುಂದೆ ಹಠ ಹಿಡಿದರು.

ನನ್ನ ಗಂಡ ತೋಟದ ಬೇಲಿಯಲ್ಲಿದ್ದ ಹಳೆಯ ಹಿಪ್ಪುನೇರಳೆ ಮರದಿಂದ ನೆಟ್ಟಗಿದ್ದ ಎರಡು ಕೊಂಬೆ ಕಡಿದು ತಂದರು. ಬಿಡುವು ಸಿಕ್ಕಿದ್ದು ದೀಪಾವಳಿ ರಜೆಯ ಮಂಗಳವಾರ. ಅವತ್ತು ಸಂಜೆ ಐದೂಕಾಲಿಗೆ ಗ್ರಹಣ ಹಿಡಿಯುವುದೆಂದು ಬೆಳಗಿನಿಂದ ಟಿವಿಯಲ್ಲಿ ಬಡಿದುಕೊಳ್ಳುತ್ತಿದ್ದರು.

"ನಾಲ್ಕಕ್ಕೆಲ್ಲ ಮುಗಿಸ್ಬಿಡ್ತೀನಿ," ಅಂದರು ಇವರು. ಈ ಮಾತನ್ನು ನಂಬಿದ ನನ್ನನ್ನು ಏನೆನ್ನಬೇಕೋ.

ನಾಲ್ಕು ಗಂಟೆಗೆ ಮೊದಲ ಕೊಂಬೆ ಚಟ್ ಎಂದು ಸೀಳಿತು. ಇವರು ಇನ್ನೊಂದನ್ನು ಪೈಪಿಗೆ ತುರುಕಿದರು. ಐದಕ್ಕೆ ಅತ್ತೆ ನನ್ನನ್ನು ಕೋಣೆಯಲ್ಲಿ ಚಾಪೆಯ ಮೇಲೆ ನೆಟ್ಟಗೆ ಮಲಗಿಸಿ, ಹೊಟ್ಟೆಯ ಮೇಲೆ ದರ್ಭೆ ಇಟ್ಟರು.

"ಬಟ್ಟೆ ಮಡಿಚ್ಬೇಡ, ಕಡ್ಡಿ ಮುರೀಬೇಡ, ಏನನ್ನೂ ಬಗ್ಗಿಸ್ಬೇಡ. ಕೂಸಿನ ಕೈಕಾಲು ಹಂಗೇ ಆಗ್ಬಿಡ್ತದೆ," ಎಂದು ಹೇಳಿ ನಡುಮನೆಯ ಬಾಗಿಲು ಹಾಕಿಕೊಂಡು ದೇವರ ಮುಂದೆ ಕೂತರು.

ನಾನು ಬಿಎಸ್ಸಿ ಓದಿದವಳು, ಗ್ರಹಣ ಯಾಕೆ ಆಗುತ್ತದೆಂದು ಚಿತ್ರ ಬರೆದು ತೋರಿಸಬಲ್ಲೆ. ಆದರೂ ಮಲಗಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯಿಂದ ಕೂಗು ಕೇಳಿತು. ಇವರ ಜೊತೆ ಕೆಲಸಕ್ಕೆ ನಿಂತಿದ್ದ ಸ್ನೇಹಿತ ಮುರಳಿಯನ್ನು ಅವನ ತಾಯಿ ಒಳಗೆ ಕರೆಯುತ್ತಿದ್ದರು. "ಸಾರಿ ಗುರು, ನಮ್ಮಮ್ಮ ಬಿಡಲ್ಲ," ಎಂದು ಅವನು ಹೊರಟುಹೋದ.

ಹಿಂದುಗಡೆ ಇವರೊಬ್ಬರೇ. ಕುಕ್ಕರ್ ಬುಸುಗುಡುತ್ತಿತ್ತು. ನನ್ನನ್ನು ಇವರು ಕರೆಯಲಿಲ್ಲ, ಇದನ್ನು ನಾನು ಪ್ರಮಾಣ ಮಾಡಿ ಹೇಳುತ್ತೇನೆ. ಆದರೆ ಪೈಪಿನ ಮುಚ್ಚಳ ತೆಗೆದ ಸದ್ದು ಬಂತು, ಆಮೇಲೆ "ಅಯ್ಯೋ, ಅಯ್ಯೋ" ಎಂಬ ಸಣ್ಣ ದನಿ ಬಂತು. ಉಳಿದದ್ದು ಅದೊಂದೇ ಕೊಂಬೆ. ನಾನು ದರ್ಭೆ ಪಕ್ಕಕ್ಕಿಟ್ಟು ಎದ್ದು ಹಿಂಬಾಗಿಲಿನಿಂದ ಹೋದೆ. ಬಟ್ಟೆಯಿಂದ ತುದಿಯನ್ನು ಹಿಡಿದು ಅಚ್ಚಿಗೆ ಒತ್ತಿದೆ, ಇವರು ಎಳೆದು ಸುತ್ತಿದರು. ಬಿಸಿ ಮರ ನನ್ನ ಅಂಗೈಯಡಿ ನಿಧಾನವಾಗಿ ಬಾಗಿದ್ದು ನನಗೆ ಗೊತ್ತಾಯಿತು. ಅದೇ ಹೊತ್ತಿಗೆ ಹೊಟ್ಟೆಯಲ್ಲಿ ಮಗು ಒದ್ದಿತು.

ಬಿಸಿಲು ಮಂಕಾಗಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಇವತ್ತಿಂದು ಸೀಳೋಯ್ತು, ಇದು ಸೋಮವಾರಾನೇ ಬಗ್ಗಿಸಿಟ್ಟಿದ್ದು ಅಂತ ಹೇಳ್ತೀನಿ ಅಮ್ಮಂಗೆ. ನೀನು ಒಳಗೆ ಹೋಗು," ಅಂದರು. ಅತ್ತೆಗೆ ಹಾಗೇ ಹೇಳಿದೆವು. ಹತ್ತು ದಿನ ಅಚ್ಚಿನಲ್ಲೇ ಇರಬೇಕಾಗಿದ್ದ ಕೋಲನ್ನು ಅತ್ತೆ ಶನಿವಾರವೇ ಬಿಚ್ಚಿಸಿಕೊಂಡು ದೇವನಹಳ್ಳಿಗೆ ಹೋಗಿ, ಎಲ್ಲರಿಗೂ ತೋರಿಸಿ ಬಂದರು.

ಅಂದಿನಿಂದ ನನಗೆ ಸರಿಯಾಗಿ ಊಟ ಸೇರಲಿಲ್ಲ. ಮಗು ಒದ್ದಾಗಲೆಲ್ಲ ಎರಡೂ ಕಾಲಿನಲ್ಲಿ ಒದ್ದಿತೋ ಒಂದರಲ್ಲೋ ಎಂದು ಲೆಕ್ಕ ಹಾಕುತ್ತಿದ್ದೆ. ಡಿಸೆಂಬರಿನಲ್ಲಿ ಹೆರಿಗೆಯಾಯಿತು. ಹೆಣ್ಣು. ನರ್ಸು ಮಗುವನ್ನು ಒರೆಸುತ್ತಿದ್ದವಳು ಕಾಲಿನ ಹತ್ತಿರ ಕೈ ನಿಲ್ಲಿಸಿದಳು. ನಾನು ಕೇಳುವ ಮೊದಲೇ ನನಗೆ ಗೊತ್ತಿತ್ತು. ಎಡಗಾಲಿನ ಪಾದ ಒಳಕ್ಕೆ ತಿರುಗಿ, ಅಂಗಾಲು ಮೇಲಕ್ಕೆ ಮುಖ ಮಾಡಿತ್ತು.

ಅತ್ತೆ ಕೋಲೂರಿಕೊಂಡು ವಾರ್ಡಿಗೆ ಬಂದರು. ಮಗುವಿನ ಕಾಲನ್ನು ತುಂಬ ಹೊತ್ತು ನೋಡಿದರು.

"ನಿಜ ಹೇಳು ಮಮತ. ಗ್ರಹಣದಲ್ಲಿ ಏನಾದ್ರೂ ಬಗ್ಗಿಸ್ದೇನೆ?"

"ಇಲ್ಲ ಅತ್ತೆ," ಅಂದೆ. ನನ್ನ ಕಣ್ಣು ಅವರ ಕೈಯಲ್ಲಿದ್ದ ಕೋಲಿನ ಮೇಲಿತ್ತು.

ಮೂಳೆ ಡಾಕ್ಟರು ಒಳ್ಳೆಯವರು. ಈ ಪಾದ ನಾಲ್ಕನೇ ತಿಂಗಳಿಗೇ ತಿರುಗಿರುತ್ತದೆ, ಸ್ಕ್ಯಾನಿನಲ್ಲಿ ಒಮ್ಮೊಮ್ಮೆ ಕಾಣುವುದಿಲ್ಲ, ಯಾರ ತಪ್ಪೂ ಅಲ್ಲ ಎಂದು ಬಿಡಿಸಿ ಹೇಳಿದರು. ಗ್ರಹಣ ಬಂದದ್ದು ಏಳರಲ್ಲಿ. ಏಳು ನಾಲ್ಕಕ್ಕಿಂತ ದೊಡ್ಡದು ಎಂದು ನನ್ನ ತಲೆಗೆ ಗೊತ್ತು. ನನ್ನ ಅಂಗೈಗೆ ಯಾರು ಹೇಳಬೇಕು?

ವಾರಕ್ಕೊಮ್ಮೆ ಹೋಗುತ್ತಿದ್ದೆವು. ಡಾಕ್ಟರು ಪಾದವನ್ನು ನಿಧಾನವಾಗಿ ನೀವಿ, ಸ್ವಲ್ಪವೇ ಹೊರಕ್ಕೆ ತಿರುಗಿಸಿ, ಹಾಗೇ ಹಿಡಿದು ಪ್ಲಾಸ್ಟರ್ ಹಾಕುತ್ತಿದ್ದರು. ಮುಂದಿನ ವಾರ ಬಿಚ್ಚಿ ಇನ್ನೂ ಸ್ವಲ್ಪ. ಆರು ಪ್ಲಾಸ್ಟರ್, ಹಿಮ್ಮಡಿಯ ಮೇಲಿನ ನರ ಸಡಿಲಿಸಲು ಕೊಯ್ದ ಒಂದು ಸಣ್ಣ ಗಾಯ, ಮತ್ತೆ ಮೂರು ವಾರದ ಪ್ಲಾಸ್ಟರ್. ಪಕ್ಕದಲ್ಲಿ ನಿಂತ ನನ್ನ ಗಂಡ ಡಾಕ್ಟರ ಕೈಯನ್ನೇ ನೋಡುತ್ತಿದ್ದರು. ಕೊನೆಗೆ ಪಾದ ನೆಟ್ಟಗಾಯಿತು. ನಾನು ಅಲ್ಲೇ ಅತ್ತುಬಿಟ್ಟೆ.

"ಈಗಲೇ ಖುಷಿಪಡ್ಬೇಡಿ," ಎಂದು ಡಾಕ್ಟರು ಎರಡು ಪುಟ್ಟ ಶೂ ತೋರಿಸಿದರು. ನಡುವೆ ಒಂದು ಕಂಬಿ. ಮೂರು ತಿಂಗಳು ಹಗಲೂ ರಾತ್ರಿ ಹಾಕಬೇಕು, ಸ್ನಾನದ ಹೊತ್ತು ಬಿಟ್ಟು. ಆಮೇಲೆ ನಾಲ್ಕು ವರ್ಷದವರೆಗೆ ನಿದ್ದೆಯ ಹೊತ್ತಿನಲ್ಲಿ. "ಬಿಚ್ಚಿಟ್ರೆ ಪಾದ ಮತ್ತೆ ಮೊದಲಿನ ಹಾಗೇ ತಿರುಗುತ್ತೆ."

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ರೇಷನ್ ಅಂಗಡಿಗೆ ಹೆಬ್ಬೆಟ್ಟು ಕೊಡಲು ಹೋಗಿದ್ದೆ. ಸರ್ವರ್ ಇಲ್ಲವೆಂದು ಬೇಗ ವಾಪಸು ಕಳಿಸಿದರು. ಬಂದು ನೋಡಿದರೆ ಮಗು ಅತ್ತೆಯ ಮಡಿಲಲ್ಲಿ ಬರಿಗಾಲಿನಲ್ಲಿ ನಿದ್ದೆ ಮಾಡುತ್ತಿತ್ತು. ಶೂ ಗೋಡೆಯ ಪಕ್ಕದಲ್ಲಿತ್ತು.

"ಏನತ್ತೆ ಇದು!"

"ಕೂಗ್ಬೇಡ, ಎದ್ದುಬಿಡ್ತದೆ. ದಿನಾ ನೀನು ಬಟ್ಟೆ ಒಗಿಯಕ್ಕೆ ಹೋದಾಗ ಒಂದ್ ಗಳಿಗೆ ಬಿಚ್ತೀನಿ. ಕಾಲು ನೆಟ್ಟಗಾಯ್ತಲ್ಲ, ಇನ್ಯಾಕೆ ಕೂಸಿಗೆ ಈ ಬೇಡಿ? ಅತ್ತು ಅತ್ತು ಸಾಯ್ತದೆ."

"ದಿನಾ? ಎಷ್ಟು ದಿನದಿಂದ?"

"ಒಂದ್ ವಾರ ಆಗಿರ್ಬೋದು."

ಮಗುವಿನ ಪಾದ ನೋಡಿದೆ. ಹೆಬ್ಬೆರಳು ಸ್ವಲ್ಪ ಒಳಕ್ಕೆ ಸರಿದ ಹಾಗಿತ್ತು, ಸರಿದಿಲ್ಲದ ಹಾಗೂ ಇತ್ತು. ನನಗೆ ಕೋಪ ನೆತ್ತಿಗೇರಿತು. ಕಿಟಕಿಯ ಹತ್ತಿರ ಬಿದ್ದಿದ್ದ ಕೋಲನ್ನು ತೆಗೆದು ಅವರ ಮುಂದೆ ಹಿಡಿದೆ.

"ಇದನ್ನ ನೋಡಿ ಅತ್ತೆ! ಇದೂ ಚೆನ್ನಾಗೇ ಬಗ್ಗಿತ್ತು. ಹತ್ತು ದಿನ ಅಚ್ಚಲ್ಲಿರ್ಲಿ ಅಂದ್ರೆ ಕೇಳ್ಲಿಲ್ಲ, ನಾಲ್ಕೇ ದಿನಕ್ಕೆ ಬಿಚ್ಚಿಸ್ಕೊಂಡ್ರಿ. ಈಗ ಏನಾಗಿದೆ? ಅವಳ ಕಾಲೂ ಹಿಂಗೇ ಆಗ್ಬೇಕಾ?"

ಅತ್ತೆ ಬಿಚ್ಚಿಕೊಂಡ ಹಿಡಿಯ ಮೇಲೆ ಬೆರಳಾಡಿಸಿದರು. ಅವರ ತುಟಿ ಅಲುಗಿತು. ಎಣಿಸುತ್ತಿದ್ದರು.

"ನಾಲ್ಕು ದಿನ ಅಂದ್ಯಲ್ಲ. ಬಿಚ್ಚಿದ್ದು ಶನಿವಾರ. ಸೋಮವಾರ ಬಗ್ಗಿಸಿದ್ರೆ ಐದಾಗ್ತದೆ."

ನಾನು ಬಾಯಿ ಮುಚ್ಚಿಕೊಂಡೆ. ತಡವಾಗಿತ್ತು.

"ಮಂಗಳವಾರ," ಅಂದರು ಅವರು. "ಮುರಳಿನ ಅವರಮ್ಮ ಐದಕ್ಕೇ ಒಳಕ್ಕೆ ಕೂಗಿದ್ಲು, ನನಗೂ ಕೇಳಿಸ್ತು. ಇವನೊಬ್ಬನೇ ಬಗ್ಗಿಸಕ್ಕಾಗಲ್ಲ. ಇನ್ನೊಂದ್ ತುದಿ ಯಾರ್ ಹಿಡ್ಕಂಡಿದ್ದು?"

ಸುಳ್ಳು ಹೇಳಬಹುದಿತ್ತು. ನಾಲ್ಕೂವರೆ ತಿಂಗಳಿನಿಂದ ಹೇಳಿ ಹೇಳಿ ಸಾಕಾಗಿತ್ತು.

"ನಾನು," ಅಂದೆ.

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಗು ಎದ್ದು ಕಾಲು ಬಡಿಯತೊಡಗಿತು.

"ಶನಿವಾರಕ್ಕೆ ಬೇಕೇ ಬೇಕು ಅಂದೋಳು ನಾನು," ಎಂದರು. "ಆಸ್ಪತ್ರೆ ಕೋಲು ಇತ್ತಲ್ಲ, ಅದ್ರಲ್ಲೇ ಹೋಗಿದ್ರೆ ಏನಾಗ್ತಿತ್ತು?" ಸೆರಗಿನಿಂದ ಕಣ್ಣೊರೆಸಿಕೊಂಡು ಕೈ ಚಾಚಿದರು. "ಆ ಶೂ ಇತ್ತ ಕೊಡು. ಯಾವ ಬೆಲ್ಟು ಮೊದ್ಲು?"

"ನಡುವಿಂದು."

ಮಗು ಕಿರುಚಿಕೊಂಡಿತು. ಆದರೂ ಅವರು ಬಿಗಿಯಾಗಿಯೇ ಕಟ್ಟಿದರು.

ಮಾರನೆಯ ದಿನವೇ ಮೂವರೂ ಮಗುವನ್ನು ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಪಾದವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಸದ್ಯ, ಏನೂ ಆಗಿಲ್ಲ. ಇನ್ನೊಂದ್ಸಲ ಬಿಚ್ಚಿದ್ರೆ ಮತ್ತೆ ಪ್ಲಾಸ್ಟರಿಂದ ಶುರು," ಎಂದು ಬೈದು ಕಳಿಸಿದರು.

ನನ್ನ ಗಂಡ ಔಷಧಿ ತರಲು ಹೋದಾಗ ನಾವು ಹೊರಗಿನ ಬೆಂಚಿನಲ್ಲಿ ಕೂತೆವು. ಪಕ್ಕದ ಹೆಂಗಸು ಮಗುವಿನ ಶೂ ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಅತ್ತೆಯ ಕಡೆ ಬಾಗಿ ಮೆಲ್ಲಗೆ ಕೇಳಿದಳು: "ದೀಪಾವಳಿ ಗ್ರಹಣದಲ್ಲಿ ಬಸುರಿಯಾಗಿದ್ಲಾ? ಏನಾದ್ರೂ ಬಗ್ಗಿಸಿದ್ಲೇನೋ?"

ಅತ್ತೆ ತೊಡೆಯ ಮೇಲಿದ್ದ ಕೋಲನ್ನು ನೆಲಕ್ಕೆ ಊರಿ ನೆಟ್ಟಗೆ ಕೂತರು.

"ಇಲ್ಲ ಕಣವ್ವ," ಅಂದರು. "ನಮ್ ಸೊಸೆ ಅವತ್ತು ಚಾಪೆ ಬಿಟ್ಟು ಎದ್ದೇ ಇಲ್ಲ. ಬಾಗ್ಲಲ್ಲಿ ನಾನೇ ಕೂತಿದ್ದೆ."